ತೇಜುಗೆ ಆರು ತುಂಬುವ ಶನಿವಾರ

ಮದ್ದೂರು
12 ಅಕ್ಟೋಬರ್ 2025

ಅತ್ತೆಯವರಿಗೆ,

ಅರ್ಪಿತ ಬರೆಯುತ್ತಿರುವುದು. ಅಕ್ಷರ ನೋಡಿದ ಕೂಡಲೇ ನಿಮಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮೊದಲು ಒಂದು ಸಲ ಪೂರ್ತಿ ಓದಿ.

ಕಾಗದವನ್ನು ನಿಮ್ಮ ಪಕ್ಕದ ಮನೆ ನಾಗಮಣಿ ಅಕ್ಕನ ಹೆಸರಿಗೆ ಹಾಕಿದ್ದೇನೆ. ಫೋನು ಮಾಡೋಣವೆಂದರೆ ನಿಮ್ಮ ಫೋನನ್ನು ನಿಮ್ಮ ಮಗ ಕಿತ್ತಿಟ್ಟುಕೊಂಡಿದ್ದಾರೆ. ನಾಗಮಣಿ ಅಕ್ಕನ ಮನೆಯ ಫೋನು ಅವಳ ಗಂಡನ ಜೇಬಿನಲ್ಲಿರುತ್ತದೆ, ಆತನೂ ನಿಮ್ಮ ಮಗನೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ಅಂಚೆಯವರು ಬರುವುದು ಗಂಡಸರು ಕೆಲಸಕ್ಕೆ ಹೋದ ಮೇಲೆ. ಹಾಗಾಗಿ ಈ ಕಾಲದಲ್ಲೂ ಕಾಗದ ಬರೆಯಬೇಕಾಯಿತು.

ನಾನು ತೇಜುವನ್ನು ಬಿಟ್ಟು ಬಂದು ಏಳು ತಿಂಗಳಾಯಿತು. ಬಿಟ್ಟು ಬಂದೆ ಅಂತ ಯಾಕೆ ಬರೆದೆನೋ, ನನ್ನನ್ನು ಹೊರಗೆ ಹಾಕಿ ಅವಳನ್ನು ಒಳಗಿಟ್ಟುಕೊಂಡದ್ದು ನೀವು. ಶ್ರಾವಣದಲ್ಲಿ ಒಂದು ಸಲ ಅವಳ ಶಾಲೆಯ ಗೇಟಿಗೆ ಬಂದು ನಿಂತಿದ್ದೆ. ನಿಮ್ಮ ಮಗ ಅಲ್ಲಿಗೇ ಬಂದು, "ಇನ್ನೊಂದ್ಸಲ ಈ ಕಡೆ ಕಾಲಿಟ್ರೆ ಕೂಸ್ನ ಎಲ್ಲಾದ್ರೂ ದೂರುಕ್ಕೆ ಆಕ್ಬುಡ್ತೀನಿ, ನಿಂಗೆ ಅಡ್ರೆಸ್ಸೂ ಸಿಕ್ಕಕಿಲ್ಲ" ಅಂದರು. ಅಂದಂತೆ ಮಾಡುವವರೇ. ಅದಕ್ಕೇ ಮತ್ತೆ ಬರಲಿಲ್ಲ. ವಕೀಲರನ್ನು ಕೇಳಿದ್ದೇನೆ, ಮಗುವಿನ ಕಾಗದಪತ್ರ ಒಂದೂ ಕೈಯಲ್ಲಿಲ್ಲದೆ ಬಂದಿದ್ದೀಯಲ್ಲಮ್ಮ, ತಡವಾಗುತ್ತದೆ ಅನ್ನುತ್ತಾರೆ.

ತೇಜುಗೆ ಆರು ತುಂಬುತ್ತದೆ. ಆ ಒಂದು ದಿನ ಅವಳನ್ನು ನನಗೆ ತೋರಿಸಿ. ಕೇಕು, ಬಟ್ಟೆ, ಬಲೂನು ಎಲ್ಲ ನಾನೇ ತರುತ್ತೇನೆ, ನಿಮಗೆ ಖರ್ಚಿಲ್ಲ. ಅವಳು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಒಂದು ಕೇಕು ಕತ್ತರಿಸಲಿಲ್ಲ, ದಂಡ ಅಂದರು. ಶಾಲೆಗೆ ಒಂದು ಪೊಟ್ಟಣ ಚಾಕಲೇಟು ಕೊಟ್ಟು ಕಳಿಸುವುದೇ ನನ್ನ ಕೈಲಾಗಿದ್ದು.

ನನ್ನನ್ನು ಆಚೆ ತಳ್ಳುವಾಗ ನೀವು ಅಲ್ಲೇ ನಿಂತಿದ್ದಿರಿ, ತುಟಿ ಬಿಚ್ಚಲಿಲ್ಲ. ಅದನ್ನು ಮರೆತಿದ್ದೇನೆ ಅಂತ ಸುಳ್ಳು ಬರೆದು ನಿಮ್ಮನ್ನು ಒಲಿಸಿಕೊಳ್ಳಲಾರೆ. ಆದರೂ ಕೇಳುತ್ತಿದ್ದೇನೆ. ಬೇರೆ ಯಾರನ್ನು ಕೇಳಲಿ?

ಅರ್ಪಿತ


ಹೊಸಕೊಪ್ಪಲು, ಮಳವಳ್ಳಿ ತಾಲ್ಲೂಕು
19 ಅಕ್ಟೋಬರ್ 2025

ಅರ್ಪಿತಳಿಗೆ ದೇವಿರಮ್ಮ ಬರೆಯುವ ಕಾಗದ. ಕ್ಷೇಮ ಕೇಳುವುದು ವಾಡಿಕೆ, ಕೇಳಿದ್ದೇನೆ ಅಂತ ತಿಳಿದುಕೊ.

ನಾನು ಏಳನೇ ಕ್ಲಾಸು ಪಾಸು ಮಾಡಿದವಳು. ಮರಿಸಿದ್ದಯ್ಯ ಮೇಷ್ಟ್ರು ಕಲಿಸಿದ ಕನ್ನಡದಲ್ಲೇ ಬರೆಯುತ್ತೇನೆ, ತಪ್ಪಿದ್ದರೆ ನಗಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮಗ ಮಾಡಿದ್ದನ್ನೆಲ್ಲ ನನ್ನ ತಲೆಗೆ ಕಟ್ಟಬೇಡ. ಏಳು ತಿಂಗಳಿಂದ ಕೂಸಿಗೆ ಜಡೆ ಹಾಕಿದ್ದು ಯಾರು, ಕೆಮ್ಮಿದರೆ ಎದ್ದು ಕೂತದ್ದು ಯಾರು? ನಿನ್ನ ಕಾಗದದಲ್ಲಿ ಅದೊಂದು ಸಾಲೂ ಇಲ್ಲ.

ಒಲೆಗೆ ಹಾಕೋಣ ಅಂತಲೇ ಇದ್ದೆ. ಅಷ್ಟರಲ್ಲಿ ಕೂಸು ಬಂತು. "ಅಜ್ಜೀ, ಅಮ್ಮ ಬರೆದಿರಾದಾ ಅದು?" ಅಂತು. ಅದಕ್ಕೆ ಯಾರು ಹೇಳಿದರೋ ದೇವರಿಗೇ ಗೊತ್ತು. ಇಲ್ಲ ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ.

ಅವಳಿಗೆ ಬೇಕಾಗಿರುವುದು ಗೊಂಬೆ ಕೇಕು. ನಡುವೆ ಗೊಂಬೆ ನಿಂತಿರುತ್ತದಂತೆ, ಅದರ ಲಂಗವೇ ಕೇಕಂತೆ. ಅವಳ ಕ್ಲಾಸಿನ ಯಾರದೋ ಮನೆಯಲ್ಲಿ ತಂದಿದ್ದರಂತೆ. ಟೋಪಿ, ಬಲೂನು ಬೇಕಂತೆ. ಮಕ್ಕಳು ಬೇಕಂತೆ, ಮಕ್ಕಳಿಲ್ಲದೆ ಪಾರ್ಟಿ ಆಗುವುದಿಲ್ಲವಂತೆ.

ಮನೆಯಲ್ಲಿ ಆಗದ ಮಾತು. ಊರ ಮಕ್ಕಳನ್ನು ಕರೆದರೆ ಸಂಜೆಗೆ ಪ್ರಕಾಶನ ಕಿವಿಗೆ ಬೀಳುತ್ತದೆ. ಆದರೆ ಈ ಸಲ ಅವಳ ಹುಟ್ಟಿದ ದಿನ ಶನಿವಾರವೇ ಬಿದ್ದಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆ. ಮುತ್ತತ್ತಿರಾಯ ನಮ್ಮ ಮನೆದೇವರು. ಶನಿವಾರ ದೇವರಿಗೆ ಹೋಗುತ್ತೇನೆ, ಕೂಸನ್ನೂ ಕರೆದುಕೊಂಡು ಹೋಗುತ್ತೇನೆ ಅಂದರೆ ಅವನು ಅಡ್ಡ ಬರುವುದಿಲ್ಲ. ಬಸ್ಸಿಗೆ ಹೆಂಗಸರಿಗೆ ದುಡ್ಡಿಲ್ಲ. ನೀನೂ ಅಲ್ಲಿಗೇ ಬಾ.

ಪ್ರಕಾಶ ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದಾನೆ. ಕೆಲಸ ಬಹಳ. ಇಷ್ಟು ಸಾಕು.

ದೇವಿರಮ್ಮ


ಮದ್ದೂರು
26 ಅಕ್ಟೋಬರ್ 2025

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಜಡೆಯ ಮಾತು ನಿಜ. ನಾನು ಬರೆಯಬೇಕಿತ್ತು, ಬರೆಯಲಿಲ್ಲ, ತಪ್ಪು ನನ್ನದೇ.

ನಾನೂ ಕ್ಯಾಲೆಂಡರ್ ನೋಡಿದೆ, ಹೌದು, ಶನಿವಾರವೇ. ಭಾನುವಾರ ಬಿದ್ದಿದ್ದರೆ ರಜೆ ಕೇಳುವ ಪಾಡು ತಪ್ಪುತ್ತಿತ್ತು. ನಾನಿರುವ ಗಾರ್ಮೆಂಟ್ಸಿನಲ್ಲಿ ಶನಿವಾರ ರಜೆ ಕೇಳಿದರೆ ಮೇಲ್ವಿಚಾರಕರ ಮುಖ ಹಾಗಲಕಾಯಿ ತಿಂದ ಹಾಗಾಗುತ್ತದೆ. ಎರಡು ಭಾನುವಾರ ಬಂದು ದುಡಿದುಕೊಡುತ್ತೇನೆ ಅಂದ ಮೇಲೆ ಒಪ್ಪಿದರು.

ಇವತ್ತು ಮಂಡ್ಯಕ್ಕೆ ಹೋಗಿದ್ದೆ. ಪೇಟೆ ಬೀದಿಯಲ್ಲಿ ಬಲೂನು, ಟೋಪಿ ಅಗ್ಗಕ್ಕೆ ಸಿಕ್ಕವು. ಗೊಂಬೆ ಕೇಕಿನ ಬೆಲೆ ಕೇಳಿ ಅಂಗಡಿಯಿಂದ ಸುಮ್ಮನೆ ಇಳಿದು ಬಂದೆ. ನನ್ನ ಜೊತೆ ರೂಮಿನಲ್ಲಿರುವ ರಂಜಿತ ಒಂದು ಉಪಾಯ ಹೇಳಿದಳು. ಅರ್ಧ ಕೇಜಿಯ ಬರೀ ಕೇಕು ತರುವುದು, ನಡುವೆ ಗುಂಡಿ ಮಾಡಿ ಸಂತೆಯ ಗೊಂಬೆಯನ್ನು ಸೊಂಟದವರೆಗೆ ಇಳಿಸುವುದು. ಗೊಂಬೆಯ ರವಿಕೆಯನ್ನು ನಮ್ಮ ಫ್ಯಾಕ್ಟರಿಯ ಕತ್ತರಿಸಿ ಉಳಿದ ಚೂರಿನಲ್ಲಿ ಹೊಲಿದಿದ್ದೇನೆ. ಹೆಬ್ಬೆರಳು ಗಾತ್ರದ ರವಿಕೆ, ಅದಕ್ಕೊಂದು ಗುಂಡಿಯೂ ಇದೆ. ತೇಜುಗೂ ಅದೇ ಬಣ್ಣದ ಫ್ರಾಕು ಹೊಲಿಯಬೇಕು. ಅವಳ ಅಳತೆ ನನಗೆ ಗೊತ್ತಿಲ್ಲ. ಹೆತ್ತವಳಾಗಿ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮಕ್ಕಳ ಚಿಂತೆ ಬಿಡಿ. ಶನಿವಾರ ಮುತ್ತತ್ತಿಗೆ ಎಷ್ಟು ಸಂಸಾರ ಬರುವುದಿಲ್ಲ? ಹೊಳೆ ದಡದಲ್ಲಿ ಆಡುವ ಮಕ್ಕಳನ್ನೆಲ್ಲ ಕರೆದರಾಯಿತು. ಚೂರು ಕೇಕು, ಒಂದು ಬಲೂನು ಕೊಟ್ಟರೆ ಯಾವ ಮಗು ಬರಲ್ಲ ಅನ್ನುತ್ತದೆ? ಅಲ್ಲಿ ನಮ್ಮ ಗುರುತಿನವರು ಯಾರೂ ಇರುವುದಿಲ್ಲ.

ದೀಪಾವಳಿಗೆ ಸುಣ್ಣ ಮಾಡಿಸಿದ್ದು ಒಳ್ಳೆಯದಾಯಿತು, ನಡುಮನೆ ಗೋಡೆ ಮಾಸಿತ್ತು.

ಅರ್ಪಿತ


ಹೊಸಕೊಪ್ಪಲು
2 ನವೆಂಬರ್ 2025

ಅರ್ಪಿತಳಿಗೆ,

ಇದರ ಒಳಗೆ ದಾರ ಇಟ್ಟಿದ್ದೇನೆ, ನೋಡಿ ಬಿಚ್ಚು. ಪೂರ್ತಿ ದಾರ ಹೆಗಲಿಂದ ಮೊಣಕಾಲಿನವರೆಗೆ. ಮೊದಲ ಗಂಟು ಸೊಂಟ. ಕೆಂಪು ದಾರ ಎದೆಯ ಸುತ್ತಳತೆ. ಅಳೆಯುವಾಗ ಕಚಗುಳಿ ಅಂತ ಕುಣಿದಳು, ಒಂದು ಬೆರಳು ಹೆಚ್ಚೇ ಇಟ್ಟುಕೊ.

ಕೇಕಿಗೆ ಮೊಟ್ಟೆ ಹಾಕುತ್ತಾರೆ ಅಂತ ನಾಗಮಣಿ ಹೇಳಿದಳು. ಮನೆದೇವರ ಮುಂದೆ, ಅದೂ ಶನಿವಾರ, ಮೊಟ್ಟೆ ಕೂಡದು. ದುಡ್ಡು ಜಾಸ್ತಿಯಾದರೂ ಮೊಟ್ಟೆ ಇಲ್ಲದ್ದನ್ನೇ ತಾ. ಹೆಚ್ಚಿನ ದುಡ್ಡು ನಾನು ಕೊಡುತ್ತೇನೆ. ಡೇರಿಯ ಹಾಲಿನ ದುಡ್ಡಿನಲ್ಲಿ ಪ್ರಕಾಶನಿಗೆ ತಿಳಿಯದ ಹಾಗೆ ಒಂದಿಷ್ಟು ತೆಗೆದಿಟ್ಟಿದ್ದೇನೆ, ಅವನಿಗೆ ಎಮ್ಮೆ ಹಾಲು ಕಮ್ಮಿ ಕೊಟ್ಟಿತು ಅಂದಿದ್ದೇನೆ. ಪಾಪ, ಎಮ್ಮೆಯ ಮೇಲೆ ಅಪವಾದ.

ನಿಂಬೆಹುಳಿ ಚಿತ್ರಾನ್ನ, ಸಜ್ಜಿಗೆ ಮಾಡಿ ತರುತ್ತೇನೆ. ನಿನಗೂ ಕೂಸಿಗೂ. ನಾನು ಅವತ್ತು ಏನೂ ತಿನ್ನುವುದಿಲ್ಲ, ನನ್ನ ಪಾಲಿಗೆ ಏನೂ ತರಬೇಡ.

ಎಷ್ಟು ಹೊತ್ತಿಗೆ, ಎಲ್ಲಿ, ಅದನ್ನು ಬರೆ. ಕೂಸು ದಿನಾ ಬೆಳಿಗ್ಗೆ ಎದ್ದು, ಇನ್ನು ಎಷ್ಟು ದಿನ ಅಂತ ಕೇಳುತ್ತದೆ. ಅಪ್ಪನ ಮುಂದೆ ಕೇಳಬಾರದು ಅಂತ ಹೇಳಿಕೊಟ್ಟಿದ್ದೇನೆ. ಆರು ವರ್ಷದ ಕೂಸಿಗೆ ಇದನ್ನೆಲ್ಲ ಹೇಳಿಕೊಡಬೇಕಾಯಿತಲ್ಲ ಅಂತ ಸಂಕಟವಾಗುತ್ತದೆ.

ದೇವಿರಮ್ಮ


ಮದ್ದೂರು
8 ನವೆಂಬರ್ 2025

ಅತ್ತೆಯವರಿಗೆ,

ದಾರ ಬಂತು. ನಾನು ಹೊರಡುವ ಹೊತ್ತಿಗೆ ಅವಳ ಹಳದಿ ಫ್ರಾಕು ಎಷ್ಟಿತ್ತೆಂದು ಕೈಗೆ ನೆನಪಿದೆ. ನಿಮ್ಮ ದಾರ ಅದಕ್ಕಿಂತ ನಾಲ್ಕು ಬೆರಳು ಉದ್ದವಿದೆ. ಆ ನಾಲ್ಕು ಬೆರಳನ್ನು ನಾನು ನೋಡಲೇ ಇಲ್ಲ. ಅಳುತ್ತಾ ಕೂತಿದ್ದೆ, ರಂಜಿತ ದಾರ ಕಿತ್ತುಕೊಂಡು ಬಟ್ಟೆ ಕತ್ತರಿಸಲು ಶುರು ಮಾಡಿದಳು.

ನೀವು ಏನೂ ತಿನ್ನುವುದಿಲ್ಲ ಅಂತ ಬರೆದಿದ್ದೀರಿ. ಇರಲಿ. ನಾನು ತಂದದ್ದನ್ನು ಮುಟ್ಟಬಾರದು ಎಂಬಷ್ಟು ಸಿಟ್ಟಿದ್ದರೆ ಬಲವಂತ ಮಾಡುವುದಿಲ್ಲ. ಆದರೆ ಮಗುವಿನ ಎದುರಿಗೆ ಅದನ್ನು ತೋರಿಸಬೇಡಿ. ಒಂದು ಚೂರು ಕೈಯಲ್ಲಿ ಹಿಡಿದುಕೊಂಡಿರಿ, ಸಾಕು. ಫೋಟೋದಲ್ಲಿ ತಿಂದ ಹಾಗೇ ಕಾಣುತ್ತದೆ.

ಮೊಟ್ಟೆಯಿಲ್ಲದ ಕೇಕಿಗೇ ಹೇಳಿದ್ದೇನೆ. ನಿಮ್ಮ ಹಾಲಿನ ದುಡ್ಡು ನಿಮ್ಮ ಹತ್ತಿರವೇ ಇರಲಿ. ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮುತ್ತತ್ತಿರಾಯನ ಗುಡಿ ಮುಂದೆ ಇರುತ್ತೇನೆ. ಬಸ್ಸು ತಡವಾದರೂ ಎಲ್ಲಿಗೂ ಹೋಗಬೇಡಿ, ನಾನು ಬಂದೇ ಬರುತ್ತೇನೆ ಅಂತ ತೇಜುಗೆ ಹೇಳಿ.

ಅರ್ಪಿತ


ಹೊಸಕೊಪ್ಪಲು
16 ನವೆಂಬರ್ 2025

ಅರ್ಪಿತ,

ಇವತ್ತು ಮೇಷ್ಟ್ರ ಕನ್ನಡ ಇಲ್ಲ. ಬಾಯಿಗೆ ಬಂದಂಗೆ ಬರೀತೀನಿ.

ಎಲ್ಲಿ ಸತ್ತೋಗಿದ್ದೆ ನೀನು ನೆನ್ನೆ? ಒಂಬತ್ತೂವರೆಗೆ ಗುಡಿ ಮುಂದ್ಕೆ ಓಗಿದ್ದೀವಿ ನಾವು. ಕೂಸು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಬಸ್ಸಲ್ಲಿ ಪಕ್ಕದೋಳ್ಗೂ ಏಳ್ತು, ನಮ್ಮಮ್ಮ ಗೊಂಬೆ ಕೇಕು ತತ್ತಾಳೆ ಅಂತ. ಗುಡಿ ಮುಂದೆ ಇಳಿದಿದ್ದೇ ತಡ, ಒಳೆ ಕಡೆ ಓಡಿ, ಅಲ್ಲಿ ಆಡ್ತಿದ್ದ ಮಕ್ಕಳ್ನೆಲ್ಲ ಕರ್ಕೊಂಡು ಬಂತು. ಏಳೆಂಟು ಜನ. ಯಾರ್ಯಾರ ಮಕ್ಕಳೋ. ಸಾಲಾಗಿ ಕೂರಿಸ್ತು. "ಎಲ್ಲೂ ಓಗ್ಬ್ಯಾಡಿ, ಈಗ ಬತ್ತಾಳೆ" ಅಂತು.

ಹನ್ನೊಂದು ಆಯ್ತು. ಹನ್ನೆರಡು ಆಯ್ತು. ಆ ಮಕ್ಕಳ ಅಪ್ಪ ಅಮ್ಮದೀರು ಬಂದು ಒಬ್ಬೊಬ್ಬರನ್ನೇ ಕರ್ಕೊಂಡು ಓದ್ರು. ಒಂದು ಎಣ್ಣು ಕೂಸು ಮಾತ್ರ ಕಡೇವರ್ಗೂ ಇತ್ತು. ಅವರ ವ್ಯಾನು ಪೋಂ ಪೋಂ ಅಂತ ಆರನ್ ಬಡೀತಾ ನಿಂತಿತ್ತು. ಅದೂ ಎದ್ದು ಓಗಬೇಕಾದ್ರೆ ನಮ್ಮ ಕೂಸು ಅದರ ಲಂಗ ಇಡ್ಕೊಂಡು, ಇನ್ನು ಐದೇ ಐದು ನಿಮ್ಸ ಕಣೆ ಅಂತ ಗೋಗರೀತು. ನಾನು ಅದನ್ನ ನೋಡ್ದೆ. ಈ ಕಣ್ಣಲ್ಲಿ ನೋಡ್ದೆ.

ಏಕಾದಶಿ, ತೊಟ್ಟು ನೀರು ಕುಡೀದೆ ಬಿಸ್ಲಲ್ಲಿ ಕೂತಿದ್ದೆ, ಈ ವಯಸ್ನಲ್ಲಿ. ಚಿತ್ರಾನ್ನ ಹಳಸೋಯ್ತು. ಕೂಸು ಒಂದು ತುತ್ತು ತಿನ್ನಲಿಲ್ಲ, ಅಮ್ಮನ್ ಜೊತೆ ತಿಂತೀನಿ ಅಂತು. ಸಾಯಂಕಾಲದ ಕಡೇ ಬಸ್ಸಿಗೆ ಬಂದ್ವಿ. ಮನೆಗೆ ಬಂದ್ಮೇಲೆ ಕೂಸ್ಗೆ ಜ್ವರ ಬಂತು. ಇನ್ನೂ ಬಿಟ್ಟಿಲ್ಲ.

ನೀನು ಎತ್ತ ತಾಯಿ ಅಂತ ನಂಬಿ ಮಗನಿಗೆ ಸುಳ್ಳು ಏಳ್ದೆ. ಎಮ್ಮೆ ಮೇಲೂ ಸುಳ್ಳು ಏಳ್ದೆ. ನನ್ನ ಮಗ ಒರಟ, ಕೂಗಾಡ್ತಾನೆ, ಆದ್ರೆ ಬತ್ತೀನಿ ಅಂತ ಏಳಿ ಕೂಸ್ನ ಬಿಸ್ಲಲ್ಲಿ ಕೂರ್ಸಿಲ್ಲ. ಇನ್ನು ಕಾಗದ ಬರೀಬ್ಯಾಡ. ಬಂದ್ರೆ ಓದಕಿಲ್ಲ.

ದೇವಿರಮ್ಮ


ಮದ್ದೂರು
17 ನವೆಂಬರ್ 2025

ಅತ್ತೆಯವರಿಗೆ,

ಇನ್ನು ಐದೇ ದಿನ. ಶನಿವಾರ ಇಪ್ಪತ್ತೆರಡನೇ ತಾರೀಕು ಬೇಗ ಬರಲಿ ಅಂತ ಕಾಯುತ್ತಿದ್ದೇನೆ. ಮೊನ್ನೆ ಶನಿವಾರವೂ ನಿನ್ನೆ ಭಾನುವಾರವೂ ಪೂರ್ತಿ ದುಡಿದೆ, ಸೊಂಟ ಬಿದ್ದುಹೋಗಿದೆ, ಆದರೆ ರಜೆ ಗಟ್ಟಿಯಾಯಿತು.

ಫ್ರಾಕು ಮುಗಿಯಿತು. ಇಸ್ತ್ರಿ ಮಾಡಿ ಗೋಡೆಯ ಮೊಳೆಗೆ ನೇತು ಹಾಕಿದ್ದೇನೆ. ಕೆಲಸದಿಂದ ಬಂದ ಕೂಡಲೇ ಅದನ್ನೇ ಮಾತಾಡಿಸುತ್ತೇನೆ, ರಂಜಿತ ನನಗೆ ಹುಚ್ಚು ಹಿಡಿದಿದೆ ಅನ್ನುತ್ತಾಳೆ. ಬಲೂನು ಊದಲು ಪಂಪೂ ಸಿಕ್ಕಿತು, ಫ್ಯಾಕ್ಟರಿಯಲ್ಲಿ ನಮ್ಮ ಲೈನಿನವರೊಬ್ಬರು ಎರವಲು ಕೊಟ್ಟರು.

ಹಿಂದಿನ ಕಾಗದದಲ್ಲಿ ಊಟದ ವಿಷಯಕ್ಕೆ ಚುಚ್ಚಿ ಬರೆದೆ. ಮನಸ್ಸಿಗೆ ತಗೊಬೇಡಿ. ನೀವು ಅವಳನ್ನು ಕರೆದುಕೊಂಡು ಬರುತ್ತಿದ್ದೀರಿ, ನನಗೆ ಅದಕ್ಕಿಂತ ದೊಡ್ಡದು ಯಾವುದಿದೆ? ತಿಂದರೂ ಸರಿ, ಬಿಟ್ಟರೂ ಸರಿ, ಬನ್ನಿ.

ಅರ್ಪಿತ


ಮದ್ದೂರು
19 ನವೆಂಬರ್ 2025
ಸ್ಪೀಡ್ ಪೋಸ್ಟ್

ಅತ್ತೆ,

ನಿಮ್ಮ ಕಾಗದ ಈಗ ಬಂತು. ದಯವಿಟ್ಟು ಇದನ್ನು ಓದಿ, ಹರಿಯಬೇಡಿ. ಇದನ್ನು ಓದದೆ ಇಟ್ಟರೆ ನನ್ನ ಕಥೆ ಮುಗಿಯಿತು.

ನಾನು ಮೋಸ ಮಾಡಲಿಲ್ಲ. ತೇಜು ಹುಟ್ಟಿದ್ದು ನವೆಂಬರ್ ಇಪ್ಪತ್ತೆರಡು. ಆಸ್ಪತ್ರೆಯ ಚೀಟಿ, ಆಧಾರ್, ಶಾಲೆ, ಎಲ್ಲದರಲ್ಲೂ ಅದೇ. ಅದು ಈ ಬರುವ ಶನಿವಾರ. ನಿಮ್ಮ ಕಾಗದದಲ್ಲಿ ಏಕಾದಶಿ ಅಂತ ಓದಿದ ಮೇಲೆ ರಂಜಿತ ಪಂಚಾಂಗದ ಕ್ಯಾಲೆಂಡರ್ ತೆಗೆದಳು. ತೇಜು ಹುಟ್ಟಿದ ಕಾರ್ತಿಕದ ಆ ಏಕಾದಶಿ ಈ ವರ್ಷ ಹದಿನೈದಕ್ಕೆ ಬಂದಿದೆ, ಅದೂ ಶನಿವಾರ. ನೀವು ತಿಥಿ ನೋಡಿದಿರಿ, ನಾನು ತಾರೀಕು ನೋಡಿದೆ. ಇಬ್ಬರಿಗೂ ಶನಿವಾರ ಕಂಡಿತು, ಇಬ್ಬರೂ ತಾರೀಕು ಬರೆಯಲಿಲ್ಲ.

ತೇಜು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನೀವು ಕಾಫಿಯನ್ನೂ ಕುಡಿಯಲಿಲ್ಲ. ನನ್ನ ಹೆರಿಗೆಯ ಗಾಬರಿ ಅಂದುಕೊಂಡಿದ್ದೆ. ಆಮೇಲೆ ವರ್ಷ ವರ್ಷವೂ ಕಾರ್ತಿಕದಲ್ಲಿ ಒಂದು ದಿನ ಅವಳಿಗೆ ಎಣ್ಣೆ ನೀರು ಹಾಕಿ ಗುಡಿಗೆ ಕರೆದುಕೊಂಡು ಹೋಗುತ್ತಿದ್ದಿರಿ. ಅದೇ ನಿಮ್ಮ ಲೆಕ್ಕದ ಹುಟ್ಟಿದಹಬ್ಬ ಅಂತ ನನಗೆ ಗೊತ್ತಿರಲಿಲ್ಲ, ನಾನು ಕೇಳಲಿಲ್ಲ. ನನ್ನ ಚಾಕಲೇಟು ಪೊಟ್ಟಣ ಯಾತಕ್ಕೆ ಅಂತ ನೀವೂ ಕೇಳಲಿಲ್ಲ. ಒಂದೇ ಒಲೆಯಲ್ಲಿ ಏಳು ವರ್ಷ ಬೇಯಿಸಿದೆವು ಅತ್ತೆ.

ಊಟ ಬೇಡ ಅಂದದ್ದಕ್ಕೆ ಸಿಟ್ಟು ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅವಳ ಜ್ವರ ಹೇಗಿದೆ? ಊರಿಗೆ ಬಂದುಬಿಡೋಣ ಅಂತ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ಸು ಬಂದೆ. ನಿಮ್ಮ ಮಗ ನೋಡಿದರೆ ಅವಳನ್ನು ಎಲ್ಲಿಗೆ ಕಳಿಸುತ್ತಾರೋ ಎಂಬ ಭಯ.

ಇಪ್ಪತ್ತೆರಡಕ್ಕೆ ಮೊದಲ ಬಸ್ಸಿಗೇ ಮುತ್ತತ್ತಿಗೆ ಹೋಗಿ ಗುಡಿ ಮುಂದೆ ಕೂರುತ್ತೇನೆ. ನೀವು ಬರುತ್ತೀರೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ. ಕಡೇ ಬಸ್ಸಿನವರೆಗೂ ಕೂತಿರುತ್ತೇನೆ. ನಾನು ಮರೆಯಲಿಲ್ಲ ಅಂತ ಅವಳಿಗೆ ಹೇಳಿ. ಬರಲು ಆಗದಿದ್ದರೂ ಅದೊಂದು ಮಾತು ಹೇಳಿ. ನಿಮ್ಮ ಕಾಲು ಹಿಡಿದುಕೊಳ್ಳುತ್ತೇನೆ.

ಅರ್ಪಿತ


ಹೊಸಕೊಪ್ಪಲು
22 ನವೆಂಬರ್ 2025, ಬೆಳಿಗ್ಗೆ
ಕೂಸಿನ ಚೀಲದಲ್ಲಿ

ಅರ್ಪಿತಳಿಗೆ,

ನಿನ್ನ ಎರಡೂ ಕಾಗದ ಬಂದವು. ಮೊದಲಿನದು ಗುರುವಾರ ಬಂತು, ಓದಬಾರದು ಅಂತ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ನೆನ್ನೆ ಎರಡನೆಯದನ್ನು ನಾಗಮಣಿ ತಾನೇ ಒಡೆದು ಓದಿ ಹೇಳಿದಳು. ಇಬ್ಬರೂ ಕೂತು ಅತ್ತೆವು. ಬೈದದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡಿದ್ದೇನೆ.

ಕೂಸಿಗೆ ಜ್ವರ ಬಿಟ್ಟಿದೆ. ನೀನು ಮರೆತಿಲ್ಲ, ತಾರೀಕು ತಪ್ಪಿಸಿದ್ದು ನಾನು ಅಂತ ಹೇಳಿದೆ. "ನೀನು ಯಾಕಜ್ಜಿ ಕೇಳ್ನಿಲ್ಲ?" ಅಂತು.

ನಾನು ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಮನೆಗೆ ಸುಣ್ಣ ಬಣ್ಣ ಮಾಡಿಸಿದ್ದು ದೀಪಾವಳಿಗಲ್ಲ. ನಿನಗೆ ಬಿಡುಗಡೆ ಕಾಗದ ಕಳಿಸುತ್ತೇನೆ ಅಂತ ಪ್ರಕಾಶ ಇನ್ನೊಂದು ಮದುವೆಗೆ ಓಡಾಡುತ್ತಿದ್ದಾನೆ. ಇವತ್ತು ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಅವರಿಗೆ ಕೂಸು ಬೇಡವಂತೆ. ಹೊಸ ವರ್ಷಕ್ಕೆ ದೂರದ ಹಾಸ್ಟೆಲ್ಲಿಗೆ ಸೇರಿಸಲು ಮಾತಾಡಿ ಬಂದಿದ್ದಾನೆ. ಯಾವ ಊರು ಅಂತ ನನಗೂ ಹೇಳಿಲ್ಲ. ಮನೆಯಲ್ಲಿ ಇದೇ ಅದರ ಕಡೇ ಹುಟ್ಟಿದಹಬ್ಬ ಅಂತ ಗೊತ್ತಿದ್ದೇ ನಿನ್ನ ಮೊದಲ ಕಾಗದಕ್ಕೆ ಉತ್ತರ ಬರೆದೆ. ಒಂದು ದಿನ ತಾಯಿ ಜೊತೆ ಇರಲಿ, ಆಮೇಲೆ ದೇವರಿಟ್ಟ ಹಾಗೆ ಅಂದುಕೊಂಡಿದ್ದೆ. ಹೋದ ಶನಿವಾರ ಆ ಲಂಗ ಹಿಡಿದು ಗೋಗರೆದದ್ದನ್ನು ನೋಡಿದ ಮೇಲೆ ಒಂದು ದಿನ ಸಾಲದು ಅನ್ನಿಸಿತು.

ನೆನ್ನೆ ಸಂಜೆ ಅವನೇ ಬಂದು, "ನಾಳೆ ಬೀಗ್ರು ಬರೋ ಒತ್ಗೆ ಕೂಸು ಕಣ್ಗೆ ಬೀಳ್ಬಾರ್ದು, ನಾಗಮಣಿ ಜೊತೆ ಎಲ್ಲಾದ್ರೂ ಕಳ್ಸು" ಅಂದ. ದೇವರು ಅವನ ಬಾಯಲ್ಲೇ ಆಡಿಸಿದ. ನಾಗಮಣಿ ಕರೆದುಕೊಂಡು ಬರುತ್ತಾಳೆ. ನಾನು ಬರುವುದಿಲ್ಲ. ಬಂದವರಿಗೆ ಅಡುಗೆ ಮಾಡಬೇಕು, ಸಂಜೆ ಅವನು ಕೂಸೆಲ್ಲಿ ಅಂದಾಗ ಎದುರಿಗೆ ನಾನಿರಬೇಕು.

ಕೂಸನ್ನು ವಾಪಸ್ಸು ಕಳಿಸಬೇಡ.

ಚೀಲದ ತಳದಲ್ಲಿ ಅದರ ಹುಟ್ಟಿದ ಸರ್ಟಿಫಿಕೇಟು, ಆಧಾರ್, ಲಸಿಕೆ ಹಾಕಿಸಿದ ಕಾರ್ಡು ಇವೆ, ಅವನ ಬೀರುವಿನಿಂದ ತೆಗೆದೆ. ಹಾಲಿನ ದುಡ್ಡು ಸಕ್ಕರೆ ಪೊಟ್ಟಣದಲ್ಲಿದೆ. ಸೋಮವಾರವೇ ವಕೀಲರ ಹತ್ತಿರ ಹೋಗು. ಅಜ್ಜಿಯೇ ಕರೆದು ಕೊಟ್ಟಳು ಅಂತ ಬರೆಸು, ನಾನು ಬಂದು ಹೆಬ್ಬೆಟ್ಟಲ್ಲ, ರುಜುವೇ ಹಾಕುತ್ತೇನೆ. ಪ್ರಕಾಶ ನಿನ್ನ ಹತ್ತಿರ ಬಂದು ಕೂಗಾಡಿದರೆ, ನಿಮ್ಮವ್ವನನ್ನು ಕೇಳು ಅನ್ನು. ನನ್ನನ್ನು ಏನು ಮಾಡುತ್ತಾನೆ? ಕೂಗುತ್ತಾನೆ. ಕೂಗಲಿ, ನಾನು ಹೆತ್ತ ಗಂಟಲು.

ತಲೆಗೆ ಹರಳೆಣ್ಣೆ ಹಚ್ಚು, ಬೇರೆ ಎಣ್ಣೆಗೆ ಸೀನುತ್ತದೆ. ಮುದ್ದೆ ಬಿಸಿಯಿದ್ದರೆ ಮಾತ್ರ ನುಂಗುತ್ತದೆ. ಮಲಗುವಾಗ ನನ್ನ ಸೆರಗಿನ ತುದಿ ಹಿಡಿದುಕೊಳ್ಳುವ ಅಭ್ಯಾಸ ಮಾಡಿಕೊಂಡಿದೆ, ಒಂದು ಹಳೇ ಸೀರೆ ಇಟ್ಟಿದ್ದೇನೆ. ನಾಲ್ಕು ದಿನಕ್ಕೆ ಬಿಟ್ಟುಹೋಗುತ್ತದೆ.

ಬಸ್ಸು ಹತ್ತಿಸುವಾಗ ಅದು ನನ್ನನ್ನು, ಸಾಯಂಕಾಲ ನಾನು ಬರುವಾಗ ನೀನು ಸ್ಟಾಪಿನಲ್ಲಿ ನಿಂತಿರುತ್ತೀಯಾ ಅಂತ ಕೇಳುತ್ತದೆ ಅಂತ ಗೊತ್ತು. ಇನ್ನೂ ಹತ್ತಿಸಿಲ್ಲ, ಪಕ್ಕದಲ್ಲೇ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದೆ. ಕೇಳಿದರೆ, ನಿಂತಿರ್ತೀನಿ ಕಣವ್ವ ಅನ್ನುತ್ತೇನೆ. ಅದು ಸುಳ್ಳು ಅಂತ ಸಂಜೆ ನೀನೇ ಅದಕ್ಕೆ ಹೇಳಬೇಕು. ನನ್ನ ಕೈಲಿ ಆಗುವುದಿಲ್ಲ.

ದೇವಿರಮ್ಮ